ಕೈ ಕಟ್ಟಿಕೊಂಡು ಕರೆದ ದಿನ

ಮಂಗಳವಾರ, ಮಧ್ಯಾಹ್ನ

ಮಗನೇ,

ಕಾಗದ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನನ್ನ ಮಂಡಿ ಎಂದಿನ ಹಾಗೆ ನೋಯುತ್ತಿದೆ, ನಿನ್ನ ಮಗ ಬುಗುರಿ ಪಕ್ಕದಲ್ಲೇ ಮಲಗಿದ್ದಾನೆ, ನಿನ್ನ ಹೆಂಡತಿ ಕೆಲಸಕ್ಕೆ ಹೋಗಿದ್ದಾಳೆ. ನಿನ್ನ ಜೊತೆ ಸುರಂಗದಲ್ಲಿ ಕೆಲಸ ಮಾಡುವ ವೆಲ್ಡರ್ ರಜೆ ಮುಗಿಸಿ ಹೊರಟಿದ್ದಾನೆ, ಅವನ ಕೈಲಿ ಇದನ್ನು ಕೊಡುತ್ತಿದ್ದೇನೆ. ಅಂಟು ಹಾಕಿ ಮುಚ್ಚಿದ್ದೇನೆ. ಕಿತ್ತಿದ್ದರೆ ಅವನ ಕಿವಿ ಹಿಂಡು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನುತ್ತೀಯ. ಹೇಳಲು ನೋಡಿದೆ. ಫೋನ್ ಹಿಡಿದರೆ ನನಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತದೆ, ನಿನಗೂ ಅಷ್ಟೇ. ಯಾರು ಮೊದಲು ಕುಕ್ಕಿ ಇಡುತ್ತಾರೆ ಅನ್ನುವುದರಲ್ಲೇ ನಮ್ಮ ಮಾತು ಮುಗಿಯುತ್ತದೆ. ಕಾಗದಕ್ಕಾದರೆ ನೀನು ಅಡ್ಡ ಬಾಯಿ ಹಾಕುವಂತಿಲ್ಲ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅಕ್ಷರ ಸೊಟ್ಟಗಿದ್ದರೆ ಕಾಗದವನ್ನೇ ಸೊಟ್ಟಗೆ ಹಿಡಿದು ಓದು. ಅರ್ಧಕ್ಕೆ ಮಡಚಿ ಜೇಬಿಗೆ ತುರುಕಬೇಡ.

ವಿಷಯ ಇಷ್ಟು. ಬುಗುರಿಯನ್ನು ಮತ್ತೆ ಆ ಡಾಕ್ಟರಮ್ಮನ ಹತ್ತಿರ ತೋರಿಸಿದೆವು. ಬೇಡ ಅಂತ ನೀನು ಹೇಳಿದ ಮೇಲೂ ಹೋದೆವು. ಕರೆದುಕೊಂಡು ಹೋದವನು ನಾನು, ನಿನ್ನ ಹೆಂಡತಿಯನ್ನು ಬೈಯಬೇಡ. ಆಟಿಸಂ ಅಂತ ಹೇಳಿದ್ದಾರೆ. ಅನುಮಾನವೇ ಇಲ್ಲವಾ ಅಂತ ಕೇಳಿದೆ. ಇಲ್ಲ ಅಂದರು.

ಇಲ್ಲಿಗೆ ಕಾಗದ ಕೆಳಗಿಟ್ಟು ಒಂದು ಲೋಟ ನೀರು ಕುಡಿ. ಆಮೇಲೆ ಮುಂದೆ ಓದು.

ಕುಡಿದೆಯಾ? ಸರಿ. ಹೋದ ಸಲ ತೋರಿಸಿದಾಗ ಏನೂ ಇಲ್ಲ ಅಂದಿದ್ದರಲ್ಲ, ಈಗ ಎಲ್ಲಿಂದ ಬಂತು ಅಂತ ತಾನೇ ನಿನ್ನ ಪ್ರಶ್ನೆ? ಹೋದ ಸಲ ಬಸ್ ಸ್ಟಾಪಿನಲ್ಲಿ ನಿಂತು ನಿನಗೆ ಫೋನ್ ಮಾಡಿ, ನಿನ್ನ ಮಗ ಪಾಸು ಕಣೋ ಅಂತ ಕೂಗಿದವನು ನಾನೇ. ಅಲ್ಲಿದ್ದವರೆಲ್ಲ ತಿರುಗಿ ನೋಡಿದ್ದರು. ಆ ಪಾಸು ಹೇಗಾಯಿತು ಅನ್ನುವುದನ್ನು ಬರೆಯಲೇ ಈ ಕಾಗದ ಹಿಡಿದಿದ್ದು.

ಬಸ್ಸಿನಲ್ಲಿ ನಾವು ತಟ್ಟಿ ಮಾತಾಡುತ್ತಿದ್ದದ್ದು ನಿನಗೆ ಗೊತ್ತು. ಮುಂದೆ ಕೂತ ಡ್ರೈವರಿಗೆ ಹಿಂದಿನ ಬಾಗಿಲಲ್ಲಿ ನಿಂತವನ ಕೂಗು ಎಲ್ಲಿ ಕೇಳುತ್ತದೆ? ಇಂಜಿನ್ ಸದ್ದು, ಜನರ ಗಲಾಟೆ. ಅದಕ್ಕೆ ಬಸ್ಸಿನ ತಗಡಿಗೆ ಬಡಿಯುವುದು. ಒಂದು ತಟ್ಟಿದರೆ ನಿಲ್ಲಿಸು, ಎರಡು ತಟ್ಟಿದರೆ ಹೊರಡು, ಹಿಂದಕ್ಕೆ ತೆಗೆಯುವಾಗ ಬಿಡದೆ ತಟ್ಟುತ್ತಿರುವುದು. ಬಾಯಿ ಒಣಗಿಸಿಕೊಳ್ಳುವವನು ಹೊಸಬ ಅಂತ ಅರ್ಥ. ಮೊದಲು ಕ್ಲೀನರ್ ಆಗಿ, ಆಮೇಲೆ ಕಂಡಕ್ಟರ್ ಆಗಿ ಇಡೀ ಆಯುಸ್ಸು ತಟ್ಟಿದ ಕೈ ಇದು. ಮನೆಗೆ ಬಂದರೂ ಸುಮ್ಮನಿರುವುದಿಲ್ಲ.

ಬುಗುರಿ ನಡೆಯಲು ಕಲಿತ ಹೊಸದರಲ್ಲಿ ಒಂದು ದಿನ ಬಚ್ಚಲಿನ ಕಡೆ ಹೋಗುತ್ತಿದ್ದ. ನೆಲವೆಲ್ಲ ಸೋಪಿನ ನೀರು. ಏಯ್ ಅಂದೆ, ಬಾರೋ ಅಂದೆ, ಕೂಗಿದೆ, ತಿರುಗಲೇ ಇಲ್ಲ. ಸಿಟ್ಟು ಬಂದು ಕಬ್ಬಿಣದ ಬೀರುವಿಗೆ ಒಂದು ಬಾರಿಸಿದೆ. ಟಕ್ಕನೆ ನಿಂತ. ಎರಡು ತಟ್ಟಿದೆ. ತಿರುಗಿ ನನ್ನ ಹತ್ತಿರ ಬಂದ. ಆಹಾ, ರಕ್ತದಲ್ಲೇ ಬಂದಿದೆ ವಿದ್ಯೆ ಅಂತ ಬೀಗಿದೆ. ಅವತ್ತಿನಿಂದ ಅದೇ ನಡೆಯಿತು. ಊಟಕ್ಕೆ ತಟ್ಟೆಯ ಅಂಚಿಗೆ ಎರಡು, ಚಪ್ಪಲಿ ಹಾಕಿಕೊಳ್ಳಲು ಬಾಗಿಲಿಗೆ ಎರಡು, ಕೈ ಚಾಚಿ ಎರಡು ತಟ್ಟಿದರೆ ಹಿಡಿದದ್ದನ್ನು ಕೊಡಬೇಕು, ಮೆಟ್ಟಿಲ ಹತ್ತಿರ ಹೋದರೆ ಕಂಬಿಗೆ ಒಂದು. ಬೆಳಗ್ಗಿನಿಂದ ನಿನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ, ನಾನು ಅವನು ಇಬ್ಬರೇ ಮನೆಯಲ್ಲಿ. ಬರಬರುತ್ತಾ ಜೋರಾಗಿ ಬಡಿಯುವುದೂ ಬೇಕಾಗಲಿಲ್ಲ, ಬೆರಳ ತುದಿ ಆಡಿಸಿದರೆ ಸಾಕಾಯಿತು. ಅವಳಿಗೂ ಅದೇ ಅಭ್ಯಾಸ ಹತ್ತಿತು. ನೀನು ರಜೆಗೆ ಬಂದಾಗ ನೋಡಿ ನಕ್ಕಿದ್ದೆ, ನೀನೂ ತಟ್ಟಿದ್ದೆ. ಕೆಳಗಿನ ಮನೆಯವಳಂತೂ, ಎಷ್ಟು ಹೇಳಿದ ಮಾತು ಕೇಳುತ್ತೆ ಮಗು, ನಮ್ಮನೇಲೂ ಇದ್ದಾವೆ ದಂಡಪಿಂಡಗಳು ಅನ್ನುತ್ತಿದ್ದಳು. ಮಾತು ಕೇಳುತ್ತಿದೆಯೋ ಬೆರಳು ಕೇಳುತ್ತಿದೆಯೋ ಅಂತ ಯಾರೂ ಯೋಚಿಸಲಿಲ್ಲ. ಸದ್ದು ನಮ್ಮ ಕಿವಿಗೇ ಬೀಳುತ್ತಿರಲಿಲ್ಲ.

ಅನುಮಾನ ಪಟ್ಟವಳು ನಿನ್ನ ಹೆಂಡತಿಯೊಬ್ಬಳೇ. ಮಗುವಿಗೆ ಒಂದೂವರೆ ವರ್ಷವಾದಾಗಲೇ ಹೇಳಿದ್ದಳು. ಅವಳ ಅಂಗಡಿಗೆ ಸಣ್ಣ ಮಕ್ಕಳು ಕನ್ನಡಕ ಹಾಕಿಸಿಕೊಳ್ಳಲು ಬರುತ್ತವೆ. ಕಿವಿಯ ಹಿಂದೆ ಕಡ್ಡಿ ಸರಿಮಾಡುವಾಗ ಎಂಥ ಹಠಮಾರಿ ಮಗುವಾದರೂ ಒಂದು ಸಲ ಅವಳ ಮುಖ ನೋಡುತ್ತದಂತೆ. ಅಳುತ್ತಲಾದರೂ ನೋಡುತ್ತದೆ ಮಾವ, ಇವನು ನನ್ನ ಮೂಗುಬೊಟ್ಟು ನೋಡ್ತಾನೆ, ನನ್ನ ನೋಡಲ್ಲ ಅಂದಿದ್ದಳು. ನಾನು ಏನಂದೆ ಗೊತ್ತಾ? ಅಂಗಡೀಲಿ ಕೂತು ಕೂತು ನಿನಗೆ ಎಲ್ಲರ ಕಣ್ಣಲ್ಲೂ ನಂಬರ್ ಕಾಣುತ್ತೆ ಅಂದೆ. ನೀನು ಫೋನಿನಲ್ಲಿ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ.

ಆಮೇಲೆ ಎರಡೂವರೆಗೆ ಬಂದರೂ ಒಂದು ಮಾತಿಲ್ಲ. ಅವನ ಅಪ್ಪನೂ ತಡವಾಗಿಯೇ ಮಾತಾಡಿದ್ದು, ಅಪ್ಪನ ಮಗ ಅಂತ ನಾನು ಸಾರಿದೆ. ಅದೇ ಮಾತು ನೀನೂ ಹಿಡಿದುಕೊಂಡೆ. ಈಗ ಬರೆಯುತ್ತೇನೆ ಕೇಳು: ನೀನು ಯಾವಾಗ ಮಾತಾಡಿದೆ ಅಂತ ನನಗೆ ಗೊತ್ತಿಲ್ಲ. ಬಸ್ಸಿಗೆ ಹೊರಡುವಾಗ ನೀನು ಮಲಗಿರುತ್ತಿದ್ದೆ, ಬಂದಾಗಲೂ ಮಲಗಿರುತ್ತಿದ್ದೆ. ನಿನ್ನ ಅಮ್ಮ ಯಾವಾಗಲೋ ಹೇಳಿದ್ದು, ಅದೂ ನಿನ್ನ ಬಗ್ಗೆಯೋ ನಿನ್ನ ಚಿಕ್ಕಪ್ಪನ ಬಗ್ಗೆಯೋ ನೆನಪಿಲ್ಲ. ಕೇಳೋಣ ಅಂದರೆ ಅವಳಿಲ್ಲ. ಆ ಮಾತನ್ನು ಇನ್ನು ಎಲ್ಲೂ ಎತ್ತಬೇಡ.

ಮೊದಲ ಸಲದ್ದು ಹೇಳುತ್ತೇನೆ. ಚಿಕ್ಕ ಕೋಣೆ. ನೆಲಕ್ಕೆ ಒಂದು ಮೂಲೆ ಸವೆದ ಚಾಪೆ, ಮಂಡಿಯೆತ್ತರದ ಮೇಜು, ಬುಟ್ಟಿಯಲ್ಲಿ ಆಟದ ಸಾಮಾನು. ದೊಡ್ಡವರಿಗೆ ಮರದ ಕೈಯಿರುವ ಕುರ್ಚಿ. ಮೇಲೆ ತಣ್ಣನೆ ಗಾಳಿಯ ಮೆಷಿನ್ ಒಂದೇ ಸಮ ಗುರುಗುಟ್ಟುತ್ತಿತ್ತು. ಡಾಕ್ಟರಮ್ಮ ಬರಿಗಾಲಲ್ಲಿ ನೆಲದ ಮೇಲೆ ಕೂತರು. ಕೂದಲು ಮೋಟುದ್ದ, ನೋಡಿದರೆ ಕಾಲೇಜು ಹುಡುಗಿ. ಇವಳೇನು ಹೇಳಿಯಾಳು ಅಂದುಕೊಂಡೆ. ಮಗು ಮನೆಯಲ್ಲಿ ನನ್ನ ಕಾಲಬುಡದಲ್ಲಿ ಕೂರುವ ಹಾಗೆ ಅಲ್ಲೂ ನನ್ನ ಕುರ್ಚಿಯ ಹತ್ತಿರವೇ ಕೂತ.

ಹಿಂದಿನಿಂದ ಬುಗುರಿ ಅಂತ ಕರೆದರು. ತಿರುಗಿದ. ನನ್ನ ಎದೆ ಇಷ್ಟಗಲವಾಯಿತು. ಇಲ್ಲಿ ಬಾ ಅಂದರು. ಹೋದ. ಸಾಕು ನಿಲ್ಲು ಅಂದರು. ನಿಂತ. ಅವರು ಕೈ ಚಾಚಿ ಚೆಂಡು ಕೊಡು ಅಂದಾಗ ಕೊಟ್ಟೂ ಬಿಟ್ಟ. ನಾನು ನಿನ್ನ ಹೆಂಡತಿಯ ಮುಖ ನೋಡಿದೆ, ನೋಡಿದೆಯಾ ಅನ್ನುವ ಹಾಗೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಕುರ್ಚಿಯ ಕೈ ನೋಡುತ್ತಿದ್ದಳು.

ಮಾತು ತಡವಾಗಿದೆ, ಆದರೆ ಕರೆದರೆ ತಿರುಗ್ತಾನೆ, ಹೇಳಿದ್ದು ಮಾಡ್ತಾನೆ, ಆರು ತಿಂಗಳು ಕಾಯೋಣ ಅಂದರು ಡಾಕ್ಟರಮ್ಮ. ಅದನ್ನೇ ನಾನು ಪಾಸು ಅಂತ ನಿನಗೆ ಹೇಳಿದ್ದು.

ಮನೆಗೆ ಬಂದ ಮೇಲೆ ಅವಳು ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆ ಹೇಳಿದಳು. “ಮಾವ, ನೀವು ತಟ್ಟುತ್ತಾ ಇದ್ರಿ.”

“ಎಲ್ಲಿ?”

“ಅಲ್ಲೇ. ಕುರ್ಚಿ ಮೇಲೆ. ಅವರು ಒಂದೊಂದು ಮಾತು ಹೇಳಿದಾಗ್ಲೂ.”

“ನಿನ್ನ ತಲೆ. ನಾನು ಸುಮ್ಮನೆ ಕೂತಿದ್ದೆ.”

“ನಿಮಗೆ ಗೊತ್ತಾಗಲ್ಲ ಮಾವ. ಈಗ್ಲೂ ತಟ್ಟುತ್ತಾ ಇದೀರ.”

ನೋಡಿದೆ. ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ನನ್ನ ಬೆರಳು ಆಡುತ್ತಿತ್ತು. ಬುಗುರಿ ನನ್ನ ಕಾಲ ಹತ್ತಿರ ಬಂದು ನಿಂತಿದ್ದ.

ಆಗ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಡಾಕ್ಟರೇ ಚೆನ್ನಾಗಿದ್ದಾನೆ ಅಂದ್ರೂ ನಿನಗೆ ಸಮಾಧಾನ ಇಲ್ಲ, ಮಗೂಗೆ ಏನೋ ಇದೆ ಅನ್ನಿಸಿಕೊಳ್ಳೋದೇ ಬೇಕು ನಿನಗೆ ಅಂದೆ. ಅವಳು ನಲ್ಲಿ ನಿಲ್ಲಿಸಿದಳು. “ಇದೆ ಅನ್ನಿಸಿಕೊಳ್ಳೋದು ಬೇಕಾಗಿಲ್ಲ ಮಾವ. ಇದೆಯೋ ಇಲ್ವೋ ಗೊತ್ತಾಗ್ಬೇಕು. ಇದ್ರೆ ಚಿಕ್ಕವನಿದ್ದಾಗ್ಲೇ ಶುರು ಮಾಡ್ಬೇಕಂತೆ. ಆರು ತಿಂಗಳು ಅಂದ್ರೆ ಇವನಿಗೆ ತುಂಬಾ ದೊಡ್ಡದು.” ಇಷ್ಟು ಹೇಳಿ ಮತ್ತೆ ನಲ್ಲಿ ಬಿಟ್ಟಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಆ ವಾರ ನೀನು ಫೋನ್ ಮಾಡಿದಾಗ ಅವಳು ಮಗುವಿನ ಉಗುರು ತೆಗೆಯುತ್ತಿದ್ದಳು, ಕೈ ಬಿಡುವಿಲ್ಲದೆ ಸ್ಪೀಕರ್ ಹಾಕಿದ್ದಳು. ನಿನಗೆ ಅದು ಗೊತ್ತಿರಲಿಕ್ಕಿಲ್ಲ. ಮತ್ತೆ ತೋರಿಸಬೇಕು ಅಂದಳು. ನೀನು, ಮಗೂನ ಬಿಡು, ಮೊದಲು ನಿನ್ನ ತಲೆ ಯಾರಿಗಾದರೂ ತೋರಿಸ್ಕೋ ಅಂದೆ. ನಾನು ಅಲ್ಲೇ ಪೇಪರ್ ಹಿಡಿದು ಕೂತಿದ್ದೆ. ಅವಳು ಸರಿ ಅಂದಳು. ಉಳಿದ ಬೆರಳುಗಳ ಉಗುರು ತೆಗೆದಳು, ಕತ್ತರಿಸಿದ್ದನ್ನೆಲ್ಲ ಅಂಗೈಗೆ ಗುಡಿಸಿಕೊಂಡು ಎದ್ದು ಹೋದಳು. ಅವತ್ತಿನಿಂದ ಊಟ ಬಡಿಸುತ್ತಿದ್ದಳು, ಔಷಧಿ ಆಯ್ತಾ ಕೇಳುತ್ತಿದ್ದಳು, ಬೇರೆ ಮಾತಿರಲಿಲ್ಲ. ಅವಳ ತಟ್ಟೆಯಲ್ಲಿ ಬಡಿಸಿಕೊಂಡದ್ದು ಹಾಗೇ ಇರುತ್ತಿತ್ತು.

ಆ ಫೋನಿನ ಮಾರನೇ ದಿನ ಅವಳು ಕೆಲಸಕ್ಕೆ ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಅವಳ ಮಾತು ಸುಳ್ಳು ಅಂತ ತೋರಿಸಬೇಕು ಅಂತಲೇ ಮಾಡಿದ್ದು, ಬೇರೆ ದೊಡ್ಡ ಉದ್ದೇಶವೇನೂ ಇರಲಿಲ್ಲ.

ಬುಗುರಿ ಕನ್ನಡಕದ ಹಳೇ ಡಬ್ಬಿಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸುತ್ತಾ ಕೂತಿದ್ದ. ಅವಳು ಅಂಗಡಿಯಿಂದ ತಂದುಕೊಟ್ಟವು. ನಾನು ಅವನ ಹಿಂದೆ ಕುರ್ಚಿ ಹಾಕಿಕೊಂಡು ಕೂತು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಕಾಲೂ ಅಲುಗಾಡಬಾರದು ಅಂತ ಪಾದದ ಮೇಲೆ ಪಾದ ಇಟ್ಟೆ. ಆಮೇಲೆ ಕರೆದೆ. ಬುಗುರಿ.

ತಿರುಗಲಿಲ್ಲ.

ಇನ್ನೊಂದು ಸಲ ಕರೆದೆ. ಸ್ವಲ್ಪ ಮುದ್ದಿನಿಂದ ಕರೆದೆ, ಅದು ನನಗೆ ಬರುವುದಿಲ್ಲ, ಆದರೂ ಕರೆದೆ. ಹುಟ್ಟಿದಾಗ ಇಟ್ಟ ಹೆಸರು ಹಿಡಿದು ಕರೆದೆ. ಬಿಸ್ಕತ್ತು ಬೇಕಾ ಅಂದೆ. ಅಮ್ಮ ಬಂದಳು ಅಂದೆ. ಅಪ್ಪ ಬಂದ ಅಂದೆ. ಬಸ್ಸಿನಲ್ಲಿ ಸ್ಟಾಪಿನ ಹೆಸರು ಕೂಗುತ್ತಿದ್ದ ಗಂಟಲು ತೆಗೆದು, ಕೊನೇ ಸೀಟಿನಲ್ಲಿ ಗೊರಕೆ ಹೊಡೆಯುವವನೂ ಎದ್ದು ಕೂರಬೇಕು, ಹಾಗೆ ಕೂಗಿದೆ. ಅವನು ಇನ್ನೊಂದು ಡಬ್ಬಿ ತೆಗೆದುಕೊಂಡು, ಹಿಂದಿನದಕ್ಕೆ ಸರಿಯಾಗಿ ತಾಗಿದೆಯಾ ಅಂತ ಕೆನ್ನೆ ನೆಲಕ್ಕಿಟ್ಟು ನೋಡಿ, ಇಟ್ಟ. ಕಿವಿ ಕೇಳುವುದಿಲ್ಲವೇನೋ ಅಂದುಕೊಂಡೆ. ಅಷ್ಟರಲ್ಲಿ ಮೇಲಿನ ಮನೆಯಲ್ಲಿ ಚಮಚ ಬಿದ್ದ ಸದ್ದಾಯಿತು. ತಲೆ ಎತ್ತಿ ಚಾವಣಿ ನೋಡಿದ.

ಒಂದು ಸಲ ಬೆರಳು ಆಡಿಸಿದ್ದರೆ ಬಂದುಬಿಡುತ್ತಿದ್ದ. ಅದು ಗೊತ್ತಿದ್ದೂ ಆಡಿಸಲಿಲ್ಲ. ಎದ್ದು ಹೋಗಿ ಅವನ ಎದುರಿಗೆ, ಗೋಡೆಗೆ ಬೆನ್ನು ಕೊಟ್ಟು ಕೂತೆ. ಮಂಡಿ ಲಟಲಟ ಅಂತು. ಡಬ್ಬಿಗಳ ಸಾಲಿಗೆ ನಾನು ಅಡ್ಡವಾದೆ. ಅವನು ಸ್ವಲ್ಪ ಪಕ್ಕಕ್ಕೆ ಸರಿದು, ನನ್ನ ಆಚೆಗಿನ ಡಬ್ಬಿ ನೋಡಿದ. ಜನ ಕಂಬದ ಪಕ್ಕದಿಂದ ಇಣುಕುತ್ತಾರಲ್ಲ, ಹಾಗೆ. ಕಂಬದ ಮೇಲೆ ಯಾರಿಗೂ ಸಿಟ್ಟಿರುವುದಿಲ್ಲ.

ಆಗ ನನಗೆ ಅಳು ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಏನೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ದವಡೆ ಮುಟ್ಟಿಕೊಂಡರೆ ಬೇರೆಯವರದ್ದನ್ನು ಮುಟ್ಟಿದ ಹಾಗಿರುತ್ತದಲ್ಲ, ಅಷ್ಟೇ. ಅವನ ಪಕ್ಕದಲ್ಲಿ ಕೂತೇ ಇದ್ದೆ. ಡಬ್ಬಿ ಮುಗಿದವು. ಅವನು ಮೊದಲಿಂದ ಶುರು ಮಾಡಿದ.

ಆ ವಾರವೆಲ್ಲ ಅದೇ ಕೆಲಸ. ಇವತ್ತು ನಿದ್ದೆ ಸರಿಯಾಗಿರಲಿಲ್ಲ, ಇವತ್ತು ಹೊಟ್ಟೆ ಹಸಿದಿತ್ತು ಅಂತ ದಿನಕ್ಕೊಂದು ನೆಪ ಹುಡುಕಿ, ಕೈ ಕಟ್ಟಿಕೊಂಡು ಕರೆದೆ. ಒಂದು ದಿನ ತಿರುಗಿದ. ಕುಣಿಯುವ ಹಾಗಾಯಿತು. ಆಮೇಲೆ ನೋಡಿದರೆ ನನ್ನ ಗಡಿಯಾರದ ಪಟ್ಟಿ ಕುರ್ಚಿಗೆ ತಾಗಿತ್ತು.

ಬೇರೆಯದೂ ಕಣ್ಣಿಗೆ ಬೀಳತೊಡಗಿತು. ಇಲ್ಲದ್ದೇನೂ ಹೊಸದಾಗಿ ಬರಲಿಲ್ಲ, ಇದ್ದದ್ದೇ. ಗುಂಡಗೆ ಸುತ್ತುತ್ತಾನೆ, ತಲೆ ಸುತ್ತುವುದಿಲ್ಲ. ಅದಕ್ಕೆ ತಾನೇ ಬುಗುರಿ ಅಂತ ಹೆಸರಿಟ್ಟು ಮೆರೆಸಿದ್ದು. ಬೀರು ತೆಗೆಯಬೇಕಾದರೆ ನನ್ನ ಮಣಿಕಟ್ಟು ಹಿಡಿದು ಹಿಡಿಕೆಯ ಮೇಲೆ ಇಡುತ್ತಾನೆ. ನಾನು ಇವನ ಪಾನಾ ಕಣ್ರೀ, ನಟ್ಟು ಬಿಚ್ಚೋಕೆ ಇಟ್ಕೊಂಡಿದ್ದಾನೆ ಅಂತ ಕೆಳಗಿನ ಮನೆಯವರ ಹತ್ತಿರ ನಗುತ್ತಿದ್ದೆ. ಯಾವತ್ತೂ ಬೆರಳು ತೋರಿಸಿ ಅದು ನೋಡು ಅಂದವನಲ್ಲ. ನಾನು ತೋರಿಸಿದ್ದನ್ನೂ ನೋಡಿದವನಲ್ಲ.

ವಾರ ಕಳೆದ ಮೇಲೆ ಅವಳು ಬಟ್ಟೆ ಒಣಗಿಸುತ್ತಿದ್ದಾಗ ಹೋಗಿ, ಆ ಡಾಕ್ಟರಮ್ಮನ ನಂಬರ್ ಇದೆಯಾ ಅಂದೆ.

“ಯಾಕೆ ಮಾವ?”

“ಕೇಳಿದ್ದಕ್ಕೆ ಹೇಳು.”

ಅವಳು ದಿಂಬಿನ ಚೀಲ ಕೊಡವಿ ಹಗ್ಗಕ್ಕೆ ಹಾಕಿದಳು. “ಸೋಮವಾರಕ್ಕೆ ತಗೊಂಡಿದೀನಿ. ಯಾರೋ ಬರಲ್ಲ ಅಂದ್ರಂತೆ, ಆ ಜಾಗ ಕೊಟ್ರು. ನಿಮಗೆ ಹೇಳದೆ ಹೋಗೋಣ ಅಂತಿದ್ದೆ.”

ಮೇಲೆ ನಾನೇ ಕರೆದುಕೊಂಡು ಹೋದೆ ಅಂತ ಬರೆದೆನಲ್ಲ, ಅದು ನಿನ್ನ ಸಿಟ್ಟು ನನ್ನ ಮೇಲಿರಲಿ ಅಂತ ಬರೆದದ್ದು. ಆ ಸಾಲನ್ನು ಹೊಡೆದು ಹಾಕುವುದಿಲ್ಲ, ಹಾಗೇ ಇರಲಿ.

ನಾನೂ ಬರುತ್ತೇನೆ ಅಂದೆ. ಬೇಡ ಮಾವ ಅಂದಳು. ಕರೆದು ನೋಡಿದೆ, ಕೈ ಕಟ್ಟಿಕೊಂಡು, ವಾರದಿಂದ ನೋಡ್ತಿದ್ದೀನಿ ಅಂದೆ. ಅವಳು ಕ್ಲಿಪ್ಪು ಹಾಕುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ತಿರುಗಿದ್ನಾ ಅಂತ ಕೇಳಲಿಲ್ಲ. ಇನ್ನೊಂದು ದಿಂಬಿನ ಚೀಲ ನನ್ನ ಕೈಗೆ ಕೊಟ್ಟಳು. ನಾನು ಹಾಕಿದೆ. ಸೊಟ್ಟಗೆ ಹಾಕಿದೆ ಅಂತ ಅವಳು ತೆಗೆದು ಮತ್ತೆ ಹಾಕಿದಳು.

ಸೋಮವಾರ ಅದೇ ಕೋಣೆ. ಬಾಗಿಲ ಹತ್ತಿರವೇ ಅವಳು, ಮಾವ, ಕೈ ಅಂದಳು. ಇಟ್ಟುಕೊಂಡಿದ್ದೀನಿ ಕಣಮ್ಮಾ ಅಂತ ಪ್ಯಾಂಟಿನ ಜೇಬಿಗೆ ತುರುಕಿದೆ. ಒಳಗೆ ಹೋದವನೇ ಡಾಕ್ಟರಮ್ಮನಿಗೆ ಹೇಳಿಬಿಟ್ಟೆ. “ಹೋದ ಸಲ ಪರೀಕ್ಷೆ ಬರೆದೋನು ಇವನಲ್ಲ ತಾಯಿ, ನಾನು.”

ಅವರು ನಗಲಿಲ್ಲ. ತೋರಿಸಿ ಅಂದರು. ಬುಗುರಿ ಕಿಟಕಿ ಹತ್ತಿರ ಪರದೆಯ ಬಳೆ ನೋಡುತ್ತಿದ್ದ. ಅವರು ಕರೆದರು, ಅವನ ಅಮ್ಮ ಕರೆದಳು, ಇಲ್ಲ. ನಾನು ಮೇಜಿನ ಮೇಲೆ ಎರಡು ತಟ್ಟಿದೆ. ಬಂದು ನನ್ನ ಮುಂದೆ ನಿಂತ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೋದ ಸಲ ಸದ್ದು ನನಗೂ ಕೇಳಿಸಿತ್ತು, ವಯಸ್ಸಾದವರ ಅಭ್ಯಾಸ ಅಂದ್ಕೊಂಡೆ, ನಾನು ಗಮನಿಸ್ಬೇಕಿತ್ತು ಅಂದರು. ನನ್ನನ್ನು ಹೊರಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಇಲ್ಲೇ ಇರಿ, ಸುಮ್ನಿರಿ ಅಂದರು. ಅಂಗೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತೆ.

ಈ ಸಲ ಬಹಳ ಹೊತ್ತು ನಡೆಯಿತು. ಗೊಂಬೆ ಕೊಟ್ಟು, ಪುಟ್ಟ ಲೋಟ ಕೊಟ್ಟು, ಪಾಪುಗೆ ಕುಡಿಸು ಅಂದರು. ಅವನು ಗೊಂಬೆಯ ಕಣ್ಣಿನ ರೆಪ್ಪೆ ಮುಚ್ಚಿ ತೆಗೆದು ಮುಚ್ಚಿ ತೆಗೆದು ಮಾಡಿದ. ಸೋಪಿನ ಗುಳ್ಳೆ ಊದಿದರು. ಕುಣಿದ, ಕೈ ಪಟಪಟ ಬಡಿದುಕೊಂಡ. ಅವರು ನಿಲ್ಲಿಸಿ, ಬಾಟಲಿ ಮುಚ್ಚಿ, ಅವನು ತಮ್ಮ ಮುಖ ನೋಡಲಿ ಅಂತ ಕಾದರು. ಅವನು ಅವರ ಕೈ ಹಿಡಿದು ಬಾಟಲಿಯ ಮೇಲೆ ಒತ್ತಿದ. ಕೇಳಿದನಲ್ಲ, ಕೇಳಿದನಲ್ಲ ಅಂತ ನನ್ನ ಬಾಯಿಗೆ ಬಂತು. ತೊಡೆಯ ಕೆಳಗೆ ಬೆರಳು ಮಿಡಿಯುತ್ತಿತ್ತು, ಇನ್ನೂ ಭಾರ ಹಾಕಿ ಕೂತೆ. ಕೊನೆಗೆ ರಕ್ತ ಓಡದೆ ಕೈ ಎರಡೂ ಮರಗಟ್ಟಿ ಹೋದವು. ಮನೆಯಲ್ಲಿ ಏನೆಂದು ಕರೀತೀರಿ, ಯಾಕೆ ಆ ಹೆಸರು, ಏನು ತಿಂತಾನೆ ಅಂತೆಲ್ಲ ಕೇಳಿದರು. ಪಾನಾದ ಜೋಕನ್ನೂ ಹೇಳಿದೆ, ಜೋಕಾಗಿ ಅಲ್ಲ. ಬರೆದುಕೊಂಡರು.

ಆಮೇಲೆ ಹೇಳಿದರು. ಅವಳಿಗೆ ಹೇಳಿದರು, ನನಗಲ್ಲ. ಅವಳು ಕೇಳುತ್ತಾ ತಲೆಯಾಡಿಸಿದಳು, ಗಿರಾಕಿ ಹೇಳುವ ನಂಬರನ್ನು ಕೇಳಿಕೊಳ್ಳುವ ಹಾಗೆ. ಒಂದೇ ಪ್ರಶ್ನೆ ಕೇಳಿದಳು, ಒಂದೂವರೆ ವರ್ಷಕ್ಕೇ ಕರ್ಕೊಂಡು ಬಂದಿದ್ರೆ ಅಂತ. ಆಗ ಬಂದಿದ್ದರೆ ಆಗಲೇ ಶುರು ಮಾಡ್ತಿದ್ವಿ, ಈಗ ಬಂದಿದ್ದೀರಿ, ಈಗ ಶುರು ಮಾಡೋಣ, ಇದೂ ಬೇಗನೇ ಅಂದರು. ನನಗೆ ಅದು ಹಿಡಿಸಿತು, ಬೆಣ್ಣೆ ಹಚ್ಚಲಿಲ್ಲ. ವಾಸಿಯಾಗುತ್ತಾ ಅಂದೆ. ಇದು ಕಾಯಿಲೆ ಅಲ್ಲ ಅಜ್ಜ, ಇವನು ಇರೋದೇ ಹೀಗೆ, ಮಾತಿಗೆ, ಜನರ ಜೊತೆ ಸೇರೋದಕ್ಕೆ ದಾರಿ ಮಾಡಿಕೊಡ್ಬೇಕು ಅಂದರು. ಯಾರಿಂದ ಬಂತು ಅಂದೆ. ಯಾರಿಂದಲೂ ಅಲ್ಲ, ತಾಯಿ ಕೆಲಸಕ್ಕೆ ಹೋಗಿದ್ದಕ್ಕೂ ಅಲ್ಲ, ನೀವು ತಟ್ಟಿದ್ದಕ್ಕೂ ಅಲ್ಲ, ಆದರೆ ಇನ್ನು ತಟ್ಟುವಾಗ ಹೆಸರನ್ನೂ ಸೇರಿಸಿ ಹೇಳಿ, ನಿಧಾನಕ್ಕೆ ತಟ್ಟೋದು ಕಡಿಮೆ ಮಾಡಿ ಅಂದರು. ಅದನ್ನು ನಿನಗೂ ಹೇಳುತ್ತಿದ್ದೇನೆ. ನೆನಪಿರಲಿ.

ಹೊರಗೆ ಬಂದೆವು. ಆಸ್ಪತ್ರೆಯ ದೊಡ್ಡ ಗಾಜಿನ ಬಾಗಿಲು ತಾನೇ ತೆರೆದು ತಾನೇ ಮುಚ್ಚುತ್ತದೆ. ಬುಗುರಿ ಅದರ ಮುಂದೆ ನಿಂತುಬಿಟ್ಟ. ಜನ ಅವನನ್ನು ಬಳಸಿಕೊಂಡು ಹೋಗುತ್ತಿದ್ದರು. ಒಬ್ಬ, ಮಗೂನ ಎತ್ಕೊಳ್ರೀ ಅಂದ. ನಿನಗೆ ಆ ಕಡೆ ಜಾಗ ಇಲ್ವೇನಯ್ಯ ಅಂದೆ. ಅವಳು, ಬಿಡಿ ಮಾವ ಅಂದಳು. ನಾವೂ ನಿಂತೆವು. ತೆರೆಯಿತು, ಮುಚ್ಚಿತು. ತೆರೆಯಿತು, ಮುಚ್ಚಿತು. ಬಸ್ಸು ಹೋಯಿತು. ಇನ್ನೊಂದೂ ಹೋಯಿತು. ಅವಳ ಕಣ್ಣಲ್ಲಿ ನೀರಿರಲಿಲ್ಲ, ನನ್ನದರಲ್ಲೂ ಇರಲಿಲ್ಲ. ಬಾಗಿಲು ಚೆನ್ನಾಗಿ ಮಾಡಿದ್ದಾರೆ ಅಂದೆ. ಹೂಂ ಅಂದಳು.

ಇವತ್ತೂ ಹಾಗೇ ಇದ್ದೇನೆ. ಹಾಲು ಕಾಯಿಸುತ್ತೇನೆ, ಡಬ್ಬಿ ಎತ್ತಿಡುತ್ತೇನೆ. ದುಃಖ ಯಾವಾಗಲಾದರೂ ಬರುತ್ತದೇನೋ, ಬಂದಾಗ ನೋಡಿಕೊಳ್ಳೋಣ. ಕಾದು ಕೂತಿಲ್ಲ.

ಈಗ ನಿನ್ನ ಕೆಲಸ. ಮಕ್ಕಳಿಗೆ ಕಲಿಸುವ ಒಂದು ಕೇಂದ್ರ ಇದೆ, ಡಾಕ್ಟರಮ್ಮನೇ ಹೇಳಿದ್ದು. ಮುಂದಿನ ತಿಂಗಳು ಒಂದು ಜಾಗ ಖಾಲಿಯಾಗುತ್ತದೆ. ಬಿಟ್ಟರೆ ಮತ್ತೆ ಯಾವಾಗಲೋ. ಮೊದಲ ದಿನ ಅಪ್ಪ ಅಮ್ಮ ಇಬ್ಬರೂ ಬರಬೇಕಂತೆ. ಮಗುವಿಗಿಂತ ಹೆಚ್ಚು ಅಪ್ಪ ಅಮ್ಮನಿಗೇ ಕಲಿಸುತ್ತಾರಂತೆ. ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಮನೆಯಲ್ಲಿ ಕಲಿಸಿದ್ದು ನಿಲ್ಲುವುದಿಲ್ಲ, ಅಂಥವರಿಗೆ ಜಾಗ ಕೊಡುವುದಿಲ್ಲ ಅಂತ ಮೊದಲೇ ಹೇಳಿದ್ದಾರೆ. ಅಪ್ಪನ ಬದಲು ಅಜ್ಜ ಬಂದರೆ ನಡೆಯುತ್ತಾ ಅಂತ ಕೇಳಿದೆ. ನಡೆಯುವುದಿಲ್ಲ.

ರಜೆ ಕೇಳು. ಮೇಸ್ತ್ರಿ ಗೊಣಗಿದರೆ ಗೊಣಗಲಿ. ನಿನಗೆ ಸಿಟ್ಟು ಬಂದರೆ, ಬರುತ್ತದೆ, ನನ್ನ ಮಗ ತಾನೇ, ಅದನ್ನು ಅಲ್ಲೇ ಸುರಂಗದೊಳಗೆ ನಿಂತು ಕೂಗಿ ಮುಗಿಸಿಕೊಂಡು ಬಾ. ಕಲ್ಲಿಗೆ ಬೇಜಾರಾಗುವುದಿಲ್ಲ. ಇಲ್ಲಿಗೆ ಬಂದು ಡಾಕ್ಟರ್ ಸರಿಯಿಲ್ಲ, ಇನ್ನೊಬ್ಬರಿಗೆ ತೋರಿಸೋಣ, ದೊಡ್ಡವನಾದ ಮೇಲೆ ಸರಿಹೋಗ್ತಾನೆ ಅಂತ ಶುರು ಮಾಡಬೇಡ. ಅದನ್ನೆಲ್ಲ ನಾನು ನಿನಗಿಂತ ಚೆನ್ನಾಗಿ, ನಿನಗಿಂತ ಜೋರಾಗಿ ಹೇಳಿ ಮುಗಿಸಿದ್ದೇನೆ.

ಬುಗುರಿ ಎದ್ದ. ಹಾಲು ಕೊಡಬೇಕು. ಇಲ್ಲಿಗೆ ಸಾಕು. ಸುರಂಗದಲ್ಲಿ ತಲೆಗೆ ಹೆಲ್ಮೆಟ್ ಹಾಕಿಕೋ.

ನಿನ್ನ ಅಪ್ಪ

ಮತ್ತೊಂದು ಮಾತು: ಇದನ್ನು ಮೇಲೆಯೇ ಬರೆಯಬೇಕಿತ್ತು, ಬರೆಯಲಾಗಲಿಲ್ಲ. ಸೋಮವಾರ ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವಳು, ಅವರು ಒಪ್ಪಲ್ಲ ಮಾವ, ಜಾಗ ಹೋಗುತ್ತೆ ಅಂದಳು. ನಾನು, ಅವನು ಆಗಲೇ ಒಪ್ಪಿದ್ದಾನೆ, ಆಸ್ಪತ್ರೇಲಿ ನೀನು ಫೀಸು ಕಟ್ಟೋಕೆ ಹೋದಾಗ ಫೋನ್ ಮಾಡಿದ್ದ, ಎಲ್ಲಾ ಹೇಳಿದೆ ಅಂದುಬಿಟ್ಟೆ. ಅಷ್ಟಕ್ಕೇ ಬಿಡಲಿಲ್ಲ ಅವಳು. ಏನಂದ್ರು, ಯಾವ ಮಾತಲ್ಲಿ ಅಂದ್ರು ಅಂತ ಕೇಳಿದಳು. ಏನಾದರೂ ಹೇಳಲೇಬೇಕಿತ್ತು. “ಅವಳು ನೋಡಿದ್ದೇ ಸರಿ ಇತ್ತು, ನಾನು ಹಾಗೆ ಅನ್ನಬಾರದಿತ್ತು ಅಂತ ಹೇಳಿ ಅಪ್ಪ” ಅಂತ ನೀನು ಹೇಳಿದ್ದಾಗಿ ಹೇಳಿದೆ. ಇನ್ನೊಂದು ಸಲ ಹೇಳಿ ಅಂದಳು. ಹೇಳಿದೆ. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು. ಭಾನುವಾರ ನೀನು ಫೋನ್ ಮಾಡಿದಾಗ ಅವಳೇ ಎತ್ತುತ್ತಾಳೆ. ಮಾತು ಅದೇ, ಮೇಲೆ ಬರೆದಿದ್ದೇನೆ ನೋಡಿಕೋ. ಅಷ್ಟನ್ನೇ ಹೇಳು. ನಿನ್ನದೇನೂ ಸೇರಿಸಬೇಡ.